ಒಣಗಿದ ಚರ್ಮದ ಚೀಲಕ್ಕೆ ಮರಳಿ ಹದ: ಹಳೆಯ ಕೋಚ್ ಬ್ಯಾಗ್‌ಗಳನ್ನು ತೊಳೆದು, ಒಣಗಿಸಿ, ಮೆದುವಾಗಿಸುವ ಕ್ರಮ

ಒಣಗಿ ಬಿರುಸಾದ ಹಳೆಯ ಚರ್ಮದ ಕೈಚೀಲ ಸಿಕ್ಕಿದ ಕೂಡಲೇ ಬಹಳಷ್ಟು ಜನ ಅದಕ್ಕೆ ಎಣ್ಣೆ ಬಳಿಯಲು ಹೊರಡುತ್ತಾರೆ. ನಮ್ಮ ಮನೆಗಳಲ್ಲಾದರೆ ಕೊಬ್ಬರಿ ಎಣ್ಣೆ, ಅಮೆರಿಕದಲ್ಲಾದರೆ ನೀಟ್ಸ್‌ಫುಟ್ ಎಣ್ಣೆ ಇಲ್ಲವೇ ಮಿಂಕ್ ಎಂಬ ಪ್ರಾಣಿಯ ಕೊಬ್ಬಿನ ಎಣ್ಣೆ. ಮೂವತ್ತು ನಲವತ್ತು ವರ್ಷದ ಕೊಳೆ ಹಾಗೇ ಕೂತಿರುವಾಗ ಮೇಲಿಂದ ಎಣ್ಣೆ ಬಿದ್ದರೆ ಕೊಳೆ ಎಣ್ಣೆಯೊಂದಿಗೆ ಚರ್ಮದ ಎಳೆಗಳ ಒಳಕ್ಕೆ ಇಳಿಯುತ್ತದೆ, ಬಣ್ಣ ಕಪ್ಪಿಡುತ್ತದೆ, ಮೈಯೆಲ್ಲ ಅಂಟಂಟಾಗುತ್ತದೆ. ಹೀಗೆ ಒಮ್ಮೆ ಒಳಗೆ ಹೋದ ಎಣ್ಣೆಯನ್ನು ಹೊರತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಆದ್ದರಿಂದ ಈ ಕೆಲಸದಲ್ಲಿ ಪರೀಕ್ಷೆ ಮೊದಲು, ನೀರು ಆಮೇಲೆ, ಎಣ್ಣೆ ಕೊನೆಗೆ. ಅದೂ ತೀರ ಸ್ವಲ್ಪ.

ಎಲ್ಲ ಚರ್ಮಕ್ಕೂ ಒಂದೇ ಮದ್ದಿಲ್ಲ. ಇಲ್ಲಿ ಹೇಳುವುದು ಮುಖ್ಯವಾಗಿ ನ್ಯೂಯಾರ್ಕಿನ ಕೋಚ್ ಕಂಪನಿಯ ಹಳೆಯ, ಅಸ್ತರಿಯಿಲ್ಲದ ದಪ್ಪ ಚರ್ಮದ ಚೀಲಗಳ ಬಗ್ಗೆ. ಬಳಸಿದ ವಸ್ತುಗಳನ್ನು ಮಾರುವ ಅಮೆರಿಕದ ಥ್ರಿಫ್ಟ್ ಅಂಗಡಿಗಳಲ್ಲಿ ಇವು ಇಂದಿಗೂ ಸಿಗುತ್ತವೆ. ಅಲ್ಲಿರುವ ನಮ್ಮವರು ಊರಿಗೆ ಬರುವಾಗ ತಂದುಕೊಟ್ಟು, ಬೀರುವಿನ ಮೂಲೆ ಸೇರಿದ ಚೀಲಗಳೂ ಇದ್ದಾವು. ಮನೆಯಲ್ಲಿ ಕೈಯಾರೆ ಸರಿಪಡಿಸಲು ಇವಕ್ಕಿಂತ ಒಳ್ಳೆಯ ಚೀಲ ಕಡಿಮೆ. ಕಾರಣ ಅವುಗಳ ಚರ್ಮದಲ್ಲೇ ಇದೆ.

1941ರಲ್ಲಿ ಮ್ಯಾನ್‌ಹ್ಯಾಟನ್‌ನ ಒಂದು ಪುಟ್ಟ ಕಾರ್ಯಾಗಾರವಾಗಿ ಶುರುವಾದ ಕಂಪನಿ ಇದು. ಅದನ್ನು ಬೆಳೆಸಿದ ಮೈಲ್ಸ್ ಕಾನ್ ಬೇಸ್‌ಬಾಲ್ ಕೈಗವಸನ್ನು ಗಮನಿಸಿದರು. ಅದು ಬಳಸಿದಷ್ಟೂ ಮೆತ್ತಗಾಗುತ್ತದೆ, ಹೊಳಪೇರುತ್ತದೆ. ಅದೇ ಗುಣ ಬರುವಂತೆ ಹದ ಮಾಡಿದ ದಪ್ಪ ಹಸುವಿನ ಚರ್ಮವೇ ಗ್ಲೋವ್ ಟ್ಯಾನ್ಡ್ ಲೆದರ್. 1962ರಲ್ಲಿ ವಿನ್ಯಾಸಕಿ ಬಾನಿ ಕ್ಯಾಶಿನ್ ಬಂದ ಮೇಲೆ ಗಾಢ ಬಣ್ಣಗಳೂ, ತಿರುಗಿಸಿ ಹಾಕುವ ಹಿತ್ತಾಳೆಯ ಟರ್ನ್‌ಲಾಕ್ ಕೊಂಡಿಯೂ ಬಂದವು. ಬಟ್ಟೆಯ ಚಾವಣಿಯಿರುವ ಕಾರುಗಳಲ್ಲಿ ಆ ಚಾವಣಿಯನ್ನು ಬಿಗಿಯುವ ಕೊಂಡಿಯನ್ನು ನೋಡಿ ಮಾಡಿದ್ದು ಅದು. ಈ ಚರ್ಮಕ್ಕೆ ಬಣ್ಣ ಒಳಗಿನವರೆಗೂ ಇಳಿದಿರುತ್ತದೆ, ಮೇಲೆ ಪ್ಲಾಸ್ಟಿಕ್ಕಿನಂಥ ಲೇಪ ಇರುವುದಿಲ್ಲ. ಹಾಗಾಗಿ ನೀರನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಕೊಳೆ ಆಳಕ್ಕೆ ಇಳಿಯುವುದೂ ಇದರಿಂದಲೇ, ತೊಳೆದರೆ ಹೋಗುವುದೂ ಇದರಿಂದಲೇ.

ಕೈ ಹಾಕುವ ಮುನ್ನ

ಚೀಲದೊಳಗೆ ಚರ್ಮದ ಮೇಲೆ ಒತ್ತಿದ ಕೆಲವು ಸಾಲುಗಳ ಬರಹ, ಕೆಳಗೆ ಒಂದು ಸಂಖ್ಯೆ ಇರುತ್ತದೆ. ತೀರ ಹಳೆಯವಕ್ಕೆ ಸಂಖ್ಯೆ ಇರುವುದಿಲ್ಲ. ಮೂರು ಅಂಕಿ, ಅಡ್ಡಗೆರೆ, ನಾಲ್ಕು ಅಂಕಿ ಇದ್ದರೆ ಅದು ಕೇವಲ ಕ್ರಮಸಂಖ್ಯೆ, ಮಾದರಿ ಯಾವುದೆಂದು ಅದರಿಂದ ತಿಳಿಯುವುದಿಲ್ಲ. 1990ರ ದಶಕದ ಮಧ್ಯದಿಂದ ಅಕ್ಷರವೂ ಅಂಕಿಯೂ ಬೆರೆತ ಸಂಖ್ಯೆ ಬಂತು. ಅದರಲ್ಲಿ ಅಡ್ಡಗೆರೆಯ ನಂತರ ಬರುವುದು ಮಾದರಿಯ ಸಂಖ್ಯೆ. ಈ ಬರಹದ ಫೋಟೋ ತೆಗೆದಿಟ್ಟುಕೊಳ್ಳಿ. ತೊಳೆಯುವಾಗ ಈ ಭಾಗವನ್ನು ಉಜ್ಜಬಾರದು. ಚಿನ್ನದ ಬಣ್ಣದಲ್ಲಿ ಒತ್ತಿದ್ದರೆ ಬೆರಳೂ ಸೋಕಿಸಬಾರದು.

ಆಮೇಲೆ ನಾಲ್ಕು ಪರೀಕ್ಷೆ.

ಮೊದಲನೆಯದು ನೀರಿನ ಹನಿ. ಚೀಲದ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಇಂಗಿ ಆ ಜಾಗ ಕಪ್ಪಾದರೆ ಅದು ಲೇಪವಿಲ್ಲದ ಚರ್ಮ, ಮುಂದುವರಿಯಬಹುದು. ಮುತ್ತಿನಂತೆ ನಿಂತರೆ ಮೇಲೆ ಬಣ್ಣದ ಲೇಪವಿದೆ. ಅಂಥದ್ದನ್ನು ಮುಳುಗಿಸಿ ತೊಳೆಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಚರ್ಮಕ್ಕೆ ಕಂಡೀಷನರ್, ಅಂದರೆ ಚರ್ಮವನ್ನು ಮೆದುವಾಗಿಸುವ ದ್ರವ, ಹಚ್ಚಿಯೂ ಪ್ರಯೋಜನವಿಲ್ಲ, ಅದರ ಮೇಲ್ಪದರ ಏನನ್ನೂ ಒಳಗೆ ಬಿಡುವುದಿಲ್ಲ. ಮೇಲ್ಪದರ ಹಾಳೆ ಹಾಳೆಯಾಗಿ ಸುಲಿಯುತ್ತಿದ್ದು, ಒಳಗೆ ಬಟ್ಟೆ ಕಂಡರೆ ಅದು ರೆಕ್ಸಿನ್ ಜಾತಿಯದು. ಅದಕ್ಕೆ ಯಾವ ಉಪಚಾರವೂ ಇಲ್ಲ.

ಎರಡನೆಯದು ಬಿಳಿ ಬಟ್ಟೆ. ಒಣಬಟ್ಟೆಯಿಂದ ಮೆಲ್ಲಗೆ ಉಜ್ಜಿದಾಗ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಬಂದರೆ ಚರ್ಮದ ಎಳೆಗಳೇ ಮುರಿಯುತ್ತಿವೆ ಎಂದರ್ಥ. ಇದಕ್ಕೆ ರೆಡ್ ರಾಟ್ ಎನ್ನುತ್ತಾರೆ. ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ ತುಂಬ ಹಳೆಯ ಚರ್ಮಕ್ಕೆ ಬರುವ ರೋಗವಿದು. ಅಥಣಿಯ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ತೊಗಲನ್ನು ಹದ ಮಾಡುತ್ತಾರಲ್ಲ, ಆ ಬಗೆಯ ಹದ. ದಶಕಗಟ್ಟಲೆ ಹೊಗೆ ತುಂಬಿದ ಗಾಳಿಯಲ್ಲಿದ್ದಾಗ ಒಳಗೆ ಆಮ್ಲ ಹೆಚ್ಚಿ ಎಳೆ ಕಡಿಯುತ್ತದೆ. ಇದನ್ನು ಹಿಂದಕ್ಕೆ ತರಲಾಗದು. ನೀರು ಬಿದ್ದರಂತೂ ಚರ್ಮ ಕಪ್ಪಾಗಿ ಮುದುಡಿ ಕಲ್ಲಾಗುತ್ತದೆ. ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಲೂಸೆಲ್ ಜಿ ಎಂಬ ಅಂಟುಪುಡಿಯ ದ್ರಾವಣ ಹಚ್ಚಿ ಪುಡಿ ಉದುರದಂತೆ ಹಿಡಿದಿಡಬಹುದು, ಅಷ್ಟೇ. ಅಂಥ ಚೀಲ ನೋಡಲಿಕ್ಕೆ ಇಡಬಹುದು, ಹೊರಲಿಕ್ಕಲ್ಲ.

ಮೂರನೆಯದು ಮಡಿಚುವುದು. ಪಟ್ಟಿಯನ್ನು ನಿಧಾನವಾಗಿ ಬಾಗಿಸಿ ನೋಡಿ. ಮೇಲ್ಮೈಯಲ್ಲಿ ಕೂದಲೆಳೆಯ ಗೆರೆಗಳು ಕಂಡರೆ ಒಣಗಿದೆಯಷ್ಟೆ, ಸರಿಹೋಗುತ್ತದೆ. ಬಿರುಕು ಆಳಕ್ಕೆ ಇಳಿದು ಒಳಗಿನ ಎಳೆ ಕಾಣುತ್ತಿದ್ದರೆ ಪಟ್ಟಿಯನ್ನೇ ಬದಲಿಸಬೇಕು. ತುಂಬು ಭಾರದಲ್ಲಿ ಅದು ಹರಿಯುವುದು ಖಚಿತ.

ಕೊನೆಗೆ ಅಯಸ್ಕಾಂತ. ಹಳೆಯ ಕೋಚ್ ಚೀಲಗಳ ಕೊಂಡಿ, ಬಕಲ್‌ಗಳು ಗಟ್ಟಿ ಹಿತ್ತಾಳೆಯವು, ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬೇರೆ ಲೋಹದ ತೆಳು ಲೇಪ. ಅಂಥದ್ದನ್ನು ನೀರಿನಲ್ಲಿ ಅದ್ದಿದರೆ ತುಕ್ಕು ಹಿಡಿಯುತ್ತದೆ. ಆ ತುಕ್ಕು ಚರ್ಮ ಹದ ಮಾಡಲು ಬಳಸಿದ ಟ್ಯಾನಿನ್ ಜತೆ ಸೇರಿ ಹೋಗದ ಕಪ್ಪು ಕಲೆಯಾಗುತ್ತದೆ.

ಬೂಷ್ಟು ಇದ್ದರೆ ಮೊದಲು ಅದು

ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದರೂ ಬಿಳಿ ಪರೆ ಕಾಣುತ್ತದೆ. ಹೇರ್ ಡ್ರೈಯರನ್ನು ದೂರದಿಂದ ಕೆಲವು ಸೆಕೆಂಡು ಹಿಡಿಯಿರಿ. ಕರಗಿ ಮಾಯವಾದರೆ ಕೊಬ್ಬು, ಒಣಬಟ್ಟೆಯಲ್ಲಿ ಒರೆಸಿ ಬಿಡಿ. ಕರಗದೆ ನಿಂತು, ಮಣ್ಣಿನ ವಾಸನೆ ಬಂದರೆ ಬೂಷ್ಟು.

ಬೂಷ್ಟನ್ನು ಮನೆಯೊಳಗೆ ಝಾಡಿಸಬೇಡಿ. ಮಾಸ್ಕ್ ಹಾಕಿಕೊಂಡು ಅಂಗಳದಲ್ಲೋ ತಾರಸಿಯಲ್ಲೋ ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಔಷಧಿ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ, ಬಟ್ಟೆ ಕೇವಲ ತೇವವಾಗುವಷ್ಟು ಅದ್ದಿ, ಒಳಗೂ ಹೊರಗೂ ಒರೆಸಿ. ಆಲ್ಕೋಹಾಲು ಬಣ್ಣವನ್ನೂ ಎತ್ತುತ್ತದೆ, ಆದ್ದರಿಂದ ತಳದಲ್ಲಿ ಪರೀಕ್ಷಿಸಿದ ಮೇಲೆಯೇ ಮುಂದುವರಿಯಿರಿ. ಬಳಿಕ ಎಳೆಬಿಸಿಲಲ್ಲಿ 15–20 ನಿಮಿಷ ಬಾಯಿ ತೆರೆದು ಇಡಿ, ಅದಕ್ಕಿಂತ ಹೆಚ್ಚು ಬೇಡ.

ತೊಳೆಯುವುದು

ಚೀಲವನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸುವುದು ಎಂದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಹಳೆಯ ಕೋಚ್ ಚೀಲಗಳನ್ನು ಕೂಡಿಡುವವರಲ್ಲಿ ಇದು ಚೆನ್ನಾಗಿ ಬಳಕೆಯಲ್ಲಿರುವ ಕ್ರಮ. ಮುಳುಗಿಸುವುದರಿಂದ ಒಂದು ದೊಡ್ಡ ಲಾಭವಿದೆ. ಚರ್ಮದ ಅರ್ಧ ಭಾಗ ಮಾತ್ರ ಒದ್ದೆಯಾದರೆ ಒದ್ದೆ ಮತ್ತು ಒಣ ಕೂಡುವಲ್ಲಿ ಕೊಳೆ, ಬಣ್ಣ ಬಂದು ಸೇರಿ ಗೆರೆ ಕಟ್ಟುತ್ತದೆ. ಎಲ್ಲ ಕಡೆ ಒಂದೇ ಸಮ ನೆಂದರೆ ಆ ಗೆರೆ ಬರುವುದಿಲ್ಲ.

ಹಾಗೆಂದು ಎಲ್ಲ ಚೀಲವನ್ನೂ ಮುಳುಗಿಸಬೇಕಿಲ್ಲ. ಮೇಲ್ಮೇಲೆ ಮಾಸಿದ್ದರೆ ಲೆಕ್ಸಾಲ್‌ನಂಥ ಲೆದರ್ ಕ್ಲೀನರಿನಲ್ಲಿ ಒರೆಸಿದರೆ ಮುಗಿಯಿತು. ಜಿಡ್ಡು, ಕಮಟು ವಾಸನೆ, ಹಳೆಯ ನೀರಿನ ಕಲೆಗಳು ಇದ್ದಾಗ ಮಾತ್ರ ಮುಳುಗು. ಇವುಗಳನ್ನು ಮುಳುಗಿಸಲೇಬಾರದು: ಬಟ್ಟೆಯ ಅಸ್ತರಿ ಇರುವವು, ಒಳಗೆ ರಟ್ಟು ಇರುವವು, ಮೈಮೇಲೆ ನವಿರಿರುವ ಸ್ವೀಡ್ ಚರ್ಮದವು, ಆಳ ಬಿರುಕು ಬಿಟ್ಟವು, ಮತ್ತು ಎರಡು ಬಣ್ಣದವು. ಕಡು ನೀಲಿ ಮೈಗೆ ತಿಳಿಕಂದು ಅಂಚಿದ್ದರೆ ನೀಲಿ ಹರಿದು ಅಂಚನ್ನು ಕೆಡಿಸುತ್ತದೆ.

ಬೇಕಾದದ್ದು ಇಷ್ಟು. ಚೀಲ ಮಡಿಚದೆ ಹಿಡಿಸುವ ಪ್ಲಾಸ್ಟಿಕ್ ಟಬ್, ಉಗುರುಬೆಚ್ಚಗಿನ ನೀರು 10 ಲೀಟರ್, ಪಾತ್ರೆ ತೊಳೆಯುವ ಮೃದು ದ್ರವ ಅಥವಾ ಮಕ್ಕಳ ಶಾಂಪೂ ಒಂದು ಚಮಚ, ಅಂದರೆ 5 ಮಿ.ಲೀ. ನೀರು ಕೈಗೆ ಬಿಸಿ ಅನ್ನಿಸಬಾರದು. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದರ ಪ್ರೋಟೀನ್ ಎಳೆಗಳು ಒಮ್ಮೆಲೇ ಮುದುಡುತ್ತವೆ, ಆ ಕುಗ್ಗುವಿಕೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹಳೆಯ, ಸವೆದ ಚರ್ಮ ಹೊಸದಕ್ಕಿಂತ ಕಡಿಮೆ ಬಿಸಿಯಲ್ಲೇ ಮುದುಡುತ್ತದೆ. ಬಟ್ಟೆ ಸೋಪು, ವಾಷಿಂಗ್ ಸೋಡಾ ಹತ್ತಿರ ತರಬೇಡಿ. ಹದ ಮಾಡಿದ ಚರ್ಮ ಸ್ವಭಾವತಃ ತುಸು ಆಮ್ಲೀಯ, ಪಿಎಚ್ ಸುಮಾರು 4ರಿಂದ 5. ಸೋಪಿನ ಕ್ಷಾರ ಅದಕ್ಕೆ ವಿರುದ್ಧ. ಕುದುರೆ ಜೀನಿಗೆ ಬಳಸುವ ಸ್ಯಾಡಲ್ ಸೋಪ್ ಕೂಡ ಕ್ಷಾರೀಯವೇ.

ಒಳಗಿನ ಧೂಳು, ಮೂಲೆಯ ಕಸವನ್ನೆಲ್ಲ ಮೊದಲು ತೆಗೆದು, ಕಳಚಬಹುದಾದ ಪಟ್ಟಿಯನ್ನು ಕಳಚಿ. ಚೀಲವನ್ನು ನೀರಿನಲ್ಲಿ ಮುಳುಗಿಸಿ, ಒಳಗೂ ನೀರು ತುಂಬಲಿ. ಗುಳ್ಳೆಗಳು ಏಳುವುದು ನಿಂತ ಮೇಲೆ ಅಂಗೈಯಿಂದ ಅಥವಾ ಹಳೆಯ ಬನಿಯನ್ ಬಟ್ಟೆಯಿಂದ ಸುತ್ತು ಸುತ್ತಾಗಿ ಸವರಿ. ಬ್ರಷ್ ಹಾಕಿ ತಿಕ್ಕಬೇಡಿ. ನೆನೆದ ಚರ್ಮದ ಮೇಲ್ಪದರ ಮೆತ್ತಗಿರುತ್ತದೆ, ಗೀರು ಬೀಳುತ್ತದೆ. ಹೊಲಿಗೆಯ ಸಾಲಿಗೆ ಮಾತ್ರ ಮಕ್ಕಳ ಟೂತ್‌ಬ್ರಷ್ ಸಾಕು. 15 ನಿಮಿಷದೊಳಗೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಕೊಳೆಯೂ ಇದೆ, ಸ್ವಲ್ಪ ಬಣ್ಣವೂ ಇದೆ. ಕೆಂಪು, ಕಡುನೀಲಿ ಚೀಲಗಳು ಹೆಚ್ಚು ಬಣ್ಣ ಬಿಡುತ್ತವೆ. ನೀರು ಗಾಢವಾಗುತ್ತಲೇ ಹೋದರೆ ಕೂಡಲೇ ಹೊರತೆಗೆಯಿರಿ. ಬಣ್ಣದ ಜತೆಗೆ ಒಳಗಿನ ಕೊಬ್ಬೂ ಹೋಗುತ್ತಿರುತ್ತದೆ, ಹೆಚ್ಚು ಹೊತ್ತು ನೆನೆಸಿದರೆ ಒಳ್ಳೆಯದೇನೂ ಆಗದು.

ಈಗ ಸೋಪಿಲ್ಲದ ಅದೇ ಹದಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ, ನೊರೆ ಪೂರ್ತಿ ಹೋಗಬೇಕು. ಸೋಪು ಉಳಿದರೆ ಒಣಗಿದ ಮೇಲೆ ಬಿಳಿ ಪರೆ ಕಾಣುತ್ತದೆ, ಮಳೆ ಹನಿ ಬಿದ್ದಲ್ಲೆಲ್ಲ ಮಚ್ಚೆಯಾಗುತ್ತದೆ. ತೆಗೆದ ಮೇಲೆ ಹಿಂಡಬಾರದು. ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೀರನ್ನು ಟವೆಲ್ಲೇ ಎಳೆದುಕೊಳ್ಳಲಿ.

ಒಣಗಿಸುವುದರಲ್ಲೇ ಎಲ್ಲ ಇದೆ

ತೊಳೆದದ್ದು ಚೆನ್ನಾಗಿದ್ದೂ ಚೀಲ ಕೆಟ್ಟಿತೆಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಒಣಗಿಸುವುದರಲ್ಲಿ. ಬಿಸಿಲು, ಹೀಟರ್, ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿದರೆ ನೀರು ಬೇಗ ಮೇಲ್ಮೈಗೆ ಓಡಿಬರುತ್ತದೆ, ಬರುವಾಗ ಕೊಬ್ಬನ್ನೂ ಬಣ್ಣವನ್ನೂ ಎಳೆದು ತರುತ್ತದೆ. ಮೇಲೆ ಮಚ್ಚೆ ಬೀಳುತ್ತದೆ, ಒಳಗಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದಂತೆ ಗಟ್ಟಿಯಾಗುತ್ತವೆ.

ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ಒಳಗೆ ಬಿಳಿ ಟವೆಲ್ ಅಥವಾ ಅಚ್ಚಿಲ್ಲದ ಕಾಗದ ತುಂಬಿ ಮೂಲ ಆಕಾರಕ್ಕೆ ತನ್ನಿ. ದಿನಪತ್ರಿಕೆ ಬೇಡ, ಅದರ ಶಾಯಿ ಒದ್ದೆ ಚರ್ಮಕ್ಕೆ ಇಳಿಯುತ್ತದೆ. ಹಳೆಯ ಮಡಿಕೆ, ಸುಕ್ಕುಗಳನ್ನು ಬೆರಳಿನಿಂದ ತಿದ್ದಲು ಇದೇ ಹೊತ್ತು. ಈಗ ಕೂತ ಆಕಾರವೇ ಕೊನೆಗೆ ನಿಲ್ಲುತ್ತದೆ. ಮುಚ್ಚಳ ಮುದುಡಿದ್ದರೆ ಬಿಳಿ ಬಟ್ಟೆ ಹಾಸಿ ಮೇಲೊಂದು ಮಣೆ ಇಡಿ. ಪಟ್ಟಿ ಹಿಡಿದು ನೇತುಹಾಕಬೇಡಿ, ಒದ್ದೆ ಚರ್ಮ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ. ಪಟ್ಟಿಗಳನ್ನು ಮೇಜಿನ ಮೇಲೆ ನೇರವಾಗಿ ಮಲಗಿಸಿ.

ಟವೆಲನ್ನು ಮೊದಲ ದಿನ ಮೂರು ಸಲ ಬದಲಿಸಿ. ಒಣ ಹವೆಯಲ್ಲಿ ಎರಡು ಮೂರು ದಿನ ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಕೆಲಸವನ್ನೇ ಹಿಡಿಯಬೇಡಿ. ಒಣಗುವ ಮೊದಲೇ ಬೂಷ್ಟು ಬರುತ್ತದೆ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ದಿನಗಳು ಪ್ರಶಸ್ತ. ಒಣಗುತ್ತಿರುವಾಗ ದಿನಕ್ಕೆ ಎರಡು ಬಾರಿ ಪಟ್ಟಿಯನ್ನೂ ಮುಚ್ಚಳವನ್ನೂ ಮೆಲ್ಲಗೆ ಬಾಗಿಸಿ ಬಿಡಿ, ಎಳೆಗಳು ಬೇರೆ ಬೇರೆಯಾಗಿ ಉಳಿಯುತ್ತವೆ. ನಡುವೆ ಚೀಲ ಗಟ್ಟಿಯಾಗಿ, ಮಂಕಾಗಿ ಕಾಣುತ್ತದೆ. ಕೆಲಸ ಕೆಟ್ಟಿತೆಂದು ಗಾಬರಿ ಬೇಡ, ಹಾಗೆಯೇ ಆಗಬೇಕು.

ಎಣ್ಣೆ ಉಣಿಸುವುದು

ಕೈಗೆ ತಣ್ಣಗೆ ತಾಗದೆ, ಆದರೆ ಪೂರ್ತಿ ಗರಿಗರಿಯಾಗದೆ ಇರುವ ಹಂತದಲ್ಲಿ ಮೊದಲ ಪದರ ಹಚ್ಚಿದರೆ ಸಮವಾಗಿ ಇಳಿಯುತ್ತದೆ. ಯಾವುದನ್ನು ಹಚ್ಚಬೇಕು? ಬಿಕ್ 4 ಎಂಬ ಕಂಡೀಷನರ್ ಬಣ್ಣವನ್ನು ಕಪ್ಪಿಡಿಸುವುದಿಲ್ಲ, ತಿಳಿ ಬಣ್ಣದ ಚೀಲಕ್ಕೆ ಅದೇ ಸರಿ. ಲೆಕ್ಸಾಲ್ ಕಂಡೀಷನರ್, ಲೆದರ್ ಸಿಪಿಆರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತವೆ. ನೀಟ್ಸ್‌ಫುಟ್ ಎಣ್ಣೆ ದನದ ಕಾಲಿನ ಮೂಳೆಗಳಿಂದ ತೆಗೆಯುವ ಎಣ್ಣೆ. ತುಂಬ ಒಣಗಿದ ಕಪ್ಪು ಅಥವಾ ಕಡುಕಂದು ಚೀಲಕ್ಕೆ ಒಂದೇ ತೆಳು ಪದರ ಹಾಕಬಹುದು, ತಿಳಿ ಬಣ್ಣಕ್ಕಂತೂ ಬೇಡ.

ಕೊಬ್ಬರಿ ಎಣ್ಣೆ ಏಕೆ ಬೇಡವೆಂದರೆ, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಚಳಿಗೇ ಬಿಳಿ ಪರೆಯಾಗಿ ಮೇಲೆ ಕೂರುತ್ತದೆ. ಅಸಮವಾಗಿ ಹೀರಿ ಕಪ್ಪು ತೇಪೆ ಬಿಡುತ್ತದೆ, ಧೂಳು ಹಿಡಿಯುತ್ತದೆ. ಆಲಿವ್ ಎಣ್ಣೆ, ಸೂರ್ಯಕಾಂತಿ ಎಣ್ಣೆಯಂಥ ಅಡುಗೆ ಎಣ್ಣೆಗಳು ಕಾಲಕ್ರಮದಲ್ಲಿ ಕಮಟಾಗುತ್ತವೆ.

ಮಧ್ಯಮ ಗಾತ್ರದ ಚೀಲಕ್ಕೆ ಒಂದು ಪದರಕ್ಕೆ ಒಂದು ಚಮಚ ಸಾಕು. ನೇರವಾಗಿ ಚರ್ಮದ ಮೇಲೆ ಸುರಿಯದೆ, ಬಟ್ಟೆಗೆ ಹಾಕಿಕೊಂಡು ಹಚ್ಚಿ. ಪಟ್ಟಿ, ಮಡಿಕೆ, ಮೂಲೆಗಳಿಗೆ ಮೊದಲು, ಅವು ಹೆಚ್ಚು ಒಣಗಿರುತ್ತವೆ. ಅಸ್ತರಿಯಿಲ್ಲದ ಚೀಲದ ಒಳಮೈಗೆ ಹಚ್ಚಬೇಡಿ, ಒಳಗಿಟ್ಟ ವಸ್ತುಗಳಿಗೆ ಜಿಡ್ಡು ಅಂಟುತ್ತದೆ. ಪಟ್ಟಿಯ ಒಳಬದಿಗೆ ಮಾತ್ರ ತುಸು ಸವರಬಹುದು. 24 ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ, ಬೇಕಿದ್ದರೆ ಎರಡನೆಯ ಪದರ. ಸಾಮಾನ್ಯವಾಗಿ ಎರಡು, ತೀರ ಒಣಗಿದ್ದರೆ ಮೂರು. ಬೆರಳಿಗೆ ಅಂಟು ಹತ್ತಿದರೆ ಹೆಚ್ಚಾಯಿತೆಂದು ತಿಳಿಯಿರಿ. ಎಣ್ಣೆ ಹೆಚ್ಚಾದ ಚರ್ಮ ತನ್ನ ಕಸುವು ಕಳೆದುಕೊಂಡು ಜೋಲುತ್ತದೆ, ಹೊಲಿಗೆ ತೂತುಗಳು ಜಗ್ಗಿ ದೊಡ್ಡದಾಗುತ್ತವೆ. ಕೊನೆಯ ಪದರ ಇಳಿದ ಮೇಲೆ ಕುದುರೆ ಕೂದಲಿನ ಬ್ರಷ್‌ನಿಂದ ಐದು ನಿಮಿಷ ಉಜ್ಜಿ. ಆ ಚರ್ಮದ ನಿಜವಾದ ಹೊಳಪು ಆಗ ಮೇಲೇಳುತ್ತದೆ, ಮೇಣವೂ ಬೇಡ, ಪಾಲಿಶೂ ಬೇಡ.

ಹಿತ್ತಾಳೆಯ ಕಿಲುಬು

ಕೊಂಡಿ, ರಿವೆಟ್‌ಗಳ ಬುಡದಲ್ಲಿ ಹಸಿರು ಮೇಣದಂಥದ್ದು ಕಟ್ಟಿಕೊಂಡಿರುತ್ತದೆ. ಹಿತ್ತಾಳೆಯಲ್ಲಿರುವ ತಾಮ್ರವೂ ಚರ್ಮದ ಕೊಬ್ಬಿನ ಆಮ್ಲಗಳೂ ಕೂಡಿ ಆಗುವ ಕಿಲುಬು ಅದು. ಎಣ್ಣೆ ಹೆಚ್ಚು ಬಿದ್ದ ಚೀಲದಲ್ಲೇ ಇದು ಜಾಸ್ತಿ. ಒದ್ದೆ ಮಾಡುವ ಮೊದಲೇ ಮರದ ಹಲ್ಲುಕಡ್ಡಿಯಿಂದ ಎಬ್ಬಿಸಿ, ಒಣ ಇಯರ್‌ಬಡ್‌ನಿಂದ ತೆಗೆಯಿರಿ. ಒದ್ದೆಯಾದರೆ ಹಸಿರು ಚರ್ಮಕ್ಕೆ ಹರಡುತ್ತದೆ.

ಹೊಳಪಿಗೆ ದೇವರ ಪಾತ್ರೆ ತೊಳೆಯುವ ಹುಣಸೆಹಣ್ಣು ಬೇಡ. ಅದರ ರಸ ಸೋರಿ ಚರ್ಮದ ಮೇಲೆ ಕಲೆ ಬಿಡುತ್ತದೆ. ಬ್ರಾಸೋದಂಥ ಪಾಲಿಶ್ ಬಳಸುವುದಾದರೆ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಕೊಂಡಿಯ ಅಳತೆಯ ಕಂಡಿ ಕೊರೆದು, ಕೊಂಡಿ ಮಾತ್ರ ಹೊರಗೆ ಬರುವಂತೆ ಕೂರಿಸಿ, ಇಯರ್‌ಬಡ್ ತುದಿಯಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಪೂರ್ತಿ ತೆಗೆಯಿರಿ. ಎಲ್ಲವನ್ನೂ ಥಳಥಳ ಮಾಡಬೇಕಿಲ್ಲ. ಹಳೆಯ ಹಿತ್ತಾಳೆಯ ಮಂದ ಬಣ್ಣ ಹಳೆಯ ಚರ್ಮಕ್ಕೆ ಚೆನ್ನಾಗಿ ಒಪ್ಪುತ್ತದೆ. ಬಿಗಿಯಾದ ಜಿಪ್‌ಗೆ ಮೇಣದಬತ್ತಿಯನ್ನು ಎರಡು ಸಲ ಉಜ್ಜಿದರೆ ಸಾಕು.

ಸವೆದ ಮೂಲೆ, ಬಿಟ್ಟ ಹೊಲಿಗೆ

ಕೆಳಗಿನ ಮೂಲೆಗಳು ಬಿಳಿಚಿಕೊಂಡಿರುವುದು ಸಾಮಾನ್ಯ. ಕಂಡೀಷನರ್ ಹಚ್ಚುವ ಮೊದಲು ಇದನ್ನು ಮುಗಿಸಬೇಕು, ಎಣ್ಣೆಯ ಮೇಲೆ ಬಣ್ಣ ಹಿಡಿಯುವುದಿಲ್ಲ. ಎದ್ದ ನವಿರುಗಳನ್ನು 600 ನಂಬರಿನ ಉಜ್ಜುಕಾಗದದಿಂದ ಎರಡೇ ಎಳೆತ ಎಳೆದು, ಫೀಬಿಂಗ್ಸ್ ಅಥವಾ ಆಂಜಲಸ್ ಲೆದರ್ ಡೈಯನ್ನು ಅದಕ್ಕೆಂದೇ ಬರುವ ತೆಳುಕಾರಕದಲ್ಲಿ ಅರ್ಧಕ್ಕರ್ಧ ತೆಳುಮಾಡಿ, ಇಯರ್‌ಬಡ್‌ನಿಂದ ಮೂರು ನಾಲ್ಕು ತೆಳು ಪದರ ಹಚ್ಚಿ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದದ್ದರಿಂದ ಶುರುಮಾಡಿ, ಪದರ ಹೆಚ್ಚಿದಂತೆ ಬಣ್ಣ ಗಾಢವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಬಿಳಿ ಬಟ್ಟೆಗೆ ಬಣ್ಣ ಹತ್ತದವರೆಗೆ ಒರೆಸಿ. ಇಲ್ಲವಾದರೆ ಸೀರೆಗೋ ಅಂಗಿಗೋ ಹತ್ತುತ್ತದೆ. ಪೆನ್ನಿನ ಶಾಯಿಯ ಕಲೆ ಲೇಪವಿಲ್ಲದ ಚರ್ಮದಿಂದ ಹೋಗುವುದಿಲ್ಲ. ಅದನ್ನು ತೆಗೆಯುವ ದ್ರಾವಕ ಚೀಲದ ಬಣ್ಣವನ್ನೂ ತೆಗೆದು, ಸಣ್ಣ ಗೆರೆಯಿದ್ದಲ್ಲಿ ದೊಡ್ಡ ಬಿಳಿ ಮಚ್ಚೆ ಮಾಡುತ್ತದೆ. ಹಾಗೇ ಬಿಡಿ.

ಹೊಲಿಗೆ ಬಿಟ್ಟಿದ್ದರೆ ಹೊಸ ತೂತು ಚುಚ್ಚಬೇಡಿ. ತೂತುಗಳು ಒತ್ತೊತ್ತಾದರೆ ಚರ್ಮ ಅಂಚೆಚೀಟಿಯಂತೆ ಆ ಸಾಲಿನಲ್ಲೇ ಹರಿಯುತ್ತದೆ. 0.6ರಿಂದ 0.8 ಮಿ.ಮೀ. ದಪ್ಪದ ಮೇಣದ ಪಾಲಿಯೆಸ್ಟರ್ ದಾರ, ಮೊಂಡು ತುದಿಯ ಎರಡು ಸೂಜಿ. ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಹಾಯಿಸುತ್ತ ಹೋಗಿ. ಬಿಟ್ಟ ಜಾಗಕ್ಕಿಂತ ಎರಡು ಮೂರು ತೂತು ಹಿಂದಿನಿಂದ ಶುರುಮಾಡಿ, ಅಷ್ಟೇ ಮುಂದೆ ಹೋಗಿ ನಿಲ್ಲಿಸಿ. ಪಟ್ಟಿಯೇ ಹೋಗಿದ್ದರೆ ಚರ್ಮದ ಕೆಲಸ ಬಲ್ಲವರಿಗೆ ಹಳೆಯ ಪಟ್ಟಿಯನ್ನೂ ಬಕಲನ್ನೂ ಕೊಟ್ಟು, ಅದೇ ದಪ್ಪದ ಚರ್ಮದಲ್ಲಿ ಹೊಸದು ಮಾಡಿಸಿ. ಹಳೆಯ ಬಕಲ್ ಎಸೆಯಬೇಡಿ, ಅಂಥ ಹಿತ್ತಾಳೆ ಮತ್ತೆ ಸಿಗುವುದು ಕಷ್ಟ.

ಇಡುವುದು

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಡುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ. ಹಳೆಯ ಹತ್ತಿ ದಿಂಬಿನ ಚೀಲ ಸಾಕು. ಒಳಗೆ ಬಿಳಿ ಕಾಗದ ತುಂಬಿ, 50 ಗ್ರಾಂನಷ್ಟು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪಟ್ಟಿಯನ್ನು ಒಳಗೆ ಮಡಚದೆ ಪಕ್ಕದಲ್ಲಿ ಮಲಗಿಸಿ. ಕಮಟು ವಾಸನೆ ಇನ್ನೂ ಉಳಿದಿದ್ದರೆ ಇದ್ದಿಲಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಎರಡು ವಾರ ಒಳಗಿಡಿ. ನುಸಿಗುಳಿಗೆಯ ವಾಸನೆ ಚರ್ಮಕ್ಕೆ ಹಿಡಿದರೆ ವರ್ಷಗಟ್ಟಲೆ ಹೋಗದು, ಅದನ್ನು ದೂರವಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಹೊರತೆಗೆದು ಒಂದು ಗಂಟೆ ಫ್ಯಾನಿನ ಗಾಳಿಗೆ ಇಡಿ. ಕಂಡೀಷನರ್ ಮತ್ತೆ ಯಾವಾಗ ಹಚ್ಚಬೇಕೆಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಪಟ್ಟಿಯನ್ನು ಬಾಗಿಸಿದಾಗ ಮೈ ಬಿಳಿಚಿಕೊಂಡು, ಬಿಟ್ಟ ಮೇಲೂ ಆ ಗೆರೆ ಉಳಿದರೆ ಅರ್ಧ ಚಮಚದ ಒಂದು ಪದರ ಕೊಡಿ. ದಿನವೂ ಕೈಯಲ್ಲಿರುವ ಚೀಲಕ್ಕೆ ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.